ಎಳ್ಳ ಅಮಾವಾಸ್ಯೆಯ ಸಜ್ಜೆ ರೊಟ್ಟಿ, ಭಜ್ಜಿ: ಹೊಲದ ಬುತ್ತಿ ನಗರದ ಒಲೆಯ ಮೇಲೆ

ಮಾರ್ಗಶಿರ ಮಾಸದ ಕೊನೆಯ ದಿನ ಬರುವ ಎಳ್ಳ ಅಮಾವಾಸ್ಯೆಯಂದು ಬೀದರ ಜಿಲ್ಲೆಯ ಪೇಟೆಗಳು ಬೆಳಿಗ್ಗೆಯಿಂದಲೇ ಬಿಕೋ ಎನ್ನುತ್ತವೆ. ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಿಂದ ಹಿಡಿದು ಬಸವಕಲ್ಯಾಣ, ಭಾಲ್ಕಿಯವರೆಗೆ ಜನರೆಲ್ಲ ಹೊಲದ ಹಾದಿ ಹಿಡಿದಿರುತ್ತಾರೆ. ಗಡಿಯಾಚೆಯ ಲಾತೂರು, ಧಾರಾಶಿವ ಜಿಲ್ಲೆಗಳಲ್ಲಿ ಇದೇ ಹಬ್ಬಕ್ಕೆ ‘ವೇಳ ಅಮಾವಾಸ್ಯೆ’ ಎಂದು ಹೆಸರು. ಚಾಂದ್ರಮಾನದ ಹಬ್ಬವಾದ ಕಾರಣ ದಿನಾಂಕ ಸರಿಯುತ್ತಿರುತ್ತದೆ. 2024ರಲ್ಲಿ ಜನವರಿ 11ರಂದು ಒಮ್ಮೆ, ಡಿಸೆಂಬರ್ 30ರಂದು ಮತ್ತೊಮ್ಮೆ ಬಂದಿತ್ತು; 2025ರಲ್ಲಿ ಡಿಸೆಂಬರ್ 19ರಂದು ಬಂದಿತು. ಯಾವ ದಿನ ಬಂದರೂ ಚಳಿ ಬಲಿತಿರುವ ಕಾಲವೇ.

ಹಿಂಗಾರಿನ ಜೋಳ, ಕಡಲೆ ಕಾಳು ಕಟ್ಟುವ ಹೊತ್ತಿದು. ಭೂಮಿತಾಯಿ ಬಸುರಿ ಎಂಬುದು ರೈತರ ನಂಬಿಕೆ. ಜೋಳದ ದಂಟಿನ ಕೊಂಪೆ ಹೂಡಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಅಡುಗೆಯನ್ನು ಹೊಲದ ಸುತ್ತ ಚರಗವಾಗಿ ಚೆಲ್ಲಿದ ಬಳಿಕವೇ ಮನೆಯವರ ಊಟ. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಜೋಳದ ಅಂಬಲಿ ಇವೆಲ್ಲ ಇದ್ದರೂ ಮುಖ್ಯವಾದುದು ಭಜ್ಜಿ. ಎಣ್ಣೆಯಲ್ಲಿ ಕರಿಯುವ ಬಜ್ಜಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹಸಿಕಾಳು, ಸೊಪ್ಪು, ತರಕಾರಿಗಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ ಕಡಲೆ ಹಿಟ್ಟು ಕದಡಿದ ಗಟ್ಟಿ ಪಲ್ಯವದು.

ಉದ್ಯೋಗಕ್ಕಾಗಿ ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ ಕುಟುಂಬಗಳು ಹಬ್ಬದಂದು ಇದನ್ನು ಮನೆಯಲ್ಲೇ ಮಾಡಲು ಹೊರಡುವುದುಂಟು. ಆಗ ಎದುರಾಗುವ ಮೊದಲ ತೊಡಕು ರೊಟ್ಟಿಯ ಕಹಿ. ಇದಕ್ಕೆ ಕಾರಣ ಹಿಟ್ಟಿನ ವಯಸ್ಸು. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 5 ಗ್ರಾಂ ಕೊಬ್ಬಿನಂಶವಿದ್ದರೆ ಗೋಧಿಯಲ್ಲಿ 2 ಗ್ರಾಂ ಕೂಡ ಇರುವುದಿಲ್ಲ. ಕಾಳು ಇಡಿಯಾಗಿರುವವರೆಗೆ ಈ ಕೊಬ್ಬು ಕೆಡದೆ ಉಳಿಯುತ್ತದೆ. ಬೀಸಿದೊಡನೆ ಕಾಳಿನಲ್ಲೇ ಇರುವ ಕಿಣ್ವಗಳು ಅದನ್ನು ಒಡೆಯತೊಡಗುತ್ತವೆ. ವಾರ-ಹತ್ತು ದಿನಗಳಲ್ಲಿ ಹಿಟ್ಟು ಮುಗ್ಗಲು ವಾಸನೆ ಹಿಡಿದು ಕಹಿಯಾಗುತ್ತದೆ. ಬೀಸಿ ತಿಂಗಳುಗಳಾದ ಪೊಟ್ಟಣದ ಹಿಟ್ಟಿನಿಂದ ಒಳ್ಳೆಯ ರೊಟ್ಟಿ ನಿರೀಕ್ಷಿಸುವುದು ವ್ಯರ್ಥ. ಕಾಳು ತಂದು, ಹಬ್ಬದ ಹಿಂದಿನ ದಿನ ಗಿರಣಿಯಲ್ಲಿ ಬೀಸಿಸುವುದೇ ದಾರಿ.

ಎರಡನೆಯ ತೊಡಕು ರೊಟ್ಟಿ ಬಿರಿಯುವುದು. ಗೋಧಿಯಲ್ಲಿರುವ ಅಂಟು ಸಜ್ಜೆಯಲ್ಲಿಲ್ಲ. ಆ ಕೊರತೆಯನ್ನು ಕುದಿಯುವ ನೀರು ತುಂಬಿಕೊಡುತ್ತದೆ: ಬಿಸಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಹಿಡಿತ ಕೊಡುತ್ತದೆ. ಎರಡು ಬಟ್ಟಲು ಹಿಟ್ಟಿಗೆ ಸುಮಾರು ಒಂದು ಬಟ್ಟಲು ಉಪ್ಪು ಹಾಕಿದ ಕುದಿನೀರು ಸುರಿದು, ಸೌಟಿನ ಹಿಡಿಯಿಂದ ಕಲೆಸಿ, ಕೈಗೆ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಚೆನ್ನಾಗಿ ನಾದಬೇಕು. ಒಂದು ಸಲಕ್ಕೆ ಒಂದು ರೊಟ್ಟಿಗಾಗುವಷ್ಟನ್ನೇ ನಾದಿದರೆ ಒಳ್ಳೆಯದು. ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ತಟ್ಟುತ್ತ, ಅರ್ಧ ಹಿಗ್ಗಿದಾಗ ಮೇಲ್ಮೈಗೆ ನೀರು ಸವರಿ, ಎಳ್ಳು ಉದುರಿಸಿ ತಟ್ಟಿ ಮುಗಿಸಬೇಕು. ಎಳ್ಳಿನ ಬದಿ ಮೇಲಿರುವಂತೆ ಕಾದ ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಆ ತೇವ ಆರುವ ಮುನ್ನವೇ ತಿರುವಿ ಹಾಕಬೇಕು. ಸಣ್ಣ ಉರಿಯಲ್ಲಿ ಒಣಗಿಸಿದರೆ ಕಟಕ ರೊಟ್ಟಿಯಾಗಿ ಹಲವು ದಿನ ಇರುತ್ತದೆ.

ಭಜ್ಜಿಗೆ ಹಸಿ ತೊಗರಿ, ಅವರೆ, ಬಟಾಣಿ, ಹಸಿಕಡಲೆ ಕಾಳು, ಶೇಂಗಾ. ಮೆಂತ್ಯ, ಪಾಲಕ, ಈರುಳ್ಳಿ ಸೊಪ್ಪು. ಬದನೆ, ಗಜ್ಜರಿ, ಹಸಿಮೆಣಸಿನಕಾಯಿ ಬೇಕು. ಕೆಲವರು ಬಾರೆಹಣ್ಣು, ಪೇರಲವನ್ನೂ ಸೇರಿಸುತ್ತಾರೆ. ಹುಳಿಗೆ ಹುಣಸೆಯೋ ಮಜ್ಜಿಗೆಯೋ ಎಂಬ ವಾದ ಮನೆಮನೆಯದು, ಅದನ್ನು ಬಗೆಹರಿಸುವ ಗೊಡವೆ ಬೇಡ. ಯಾವುದಾದರೂ ಸರಿ, ಕಾಳು ಮೆತ್ತಗಾಗುವ ಮುನ್ನ ಹಾಕಬಾರದು. ಹುಳಿ ಬಿದ್ದರೆ ಕಾಳು ಬೇಯಲು ತಡಮಾಡುತ್ತದೆ. ಕೊನೆಯಲ್ಲಿ ಮೂರು-ನಾಲ್ಕು ಚಮಚ ಕಡಲೆ ಹಿಟ್ಟನ್ನು ನೀರಲ್ಲಿ ಕದಡಿ ಸುರಿದು, ಬೆಳ್ಳುಳ್ಳಿ, ಜೀರಿಗೆಯ ಒಗ್ಗರಣೆ ಕೊಟ್ಟು, ಹಸಿವಾಸನೆ ಹೋಗುವವರೆಗೆ ಕುದಿಸಿದರಾಯಿತು.

ಚಳಿಗಾಲದ ದೀರ್ಘ ರಾತ್ರಿಗಳಿಗೆ ವಿಶೇಷ ರೊಟ್ಟಿಯ ಪದ್ಧತಿ ಬೇರೆ ನಾಡುಗಳಲ್ಲೂ ಇದೆ. ಸ್ವೀಡನ್ನಿನಲ್ಲಿ ಡಿಸೆಂಬರ್ 13ರ ಲೂಸಿಯಾ ಹಬ್ಬಕ್ಕೆ ಮನೆಮನೆಯಲ್ಲಿ ಕೇಸರಿ ಬೆರೆಸಿದ ಬನ್ನು ಸುಡುತ್ತಾರೆ. ಸುರುಳಿ ಸುತ್ತಿದ ಹಳದಿ ಬನ್ನಿಗೆ ಎರಡು ಒಣದ್ರಾಕ್ಷಿ ಸಿಕ್ಕಿಸುವುದು ರೂಢಿ. ಅಲ್ಲಿಗೆ ಕೇಸರಿ ದೂರದೇಶದ ಸರಕು. ಬೀದರಿನ ಬುತ್ತಿಯಾದರೋ ಉಪ್ಪೊಂದನ್ನು ಬಿಟ್ಟರೆ ಬಹುಪಾಲು ಅದೇ ಹೊಲದ್ದಾಗಿತ್ತು.

ಆಗಿತ್ತು ಎನ್ನಲು ಕಾರಣವಿದೆ. ಈಗ ಜಿಲ್ಲೆಯ ಮುಂಗಾರು ಹೊಲಗಳಲ್ಲಿ ಸೋಯಾ ಅವರೆಯದೇ ಮೇಲುಗೈ, ನೀರಿದ್ದಲ್ಲಿ ಕಬ್ಬು. ಸುಮಾರು ನೂರು ದಿನಗಳಲ್ಲಿ ಕೈಗೆ ಬಂದು, ಪೇಟೆಯಲ್ಲಿ ಮಾರಾಟವಾಗಿ, ಹಿಂಗಾರಿನ ಕಡಲೆಗೆ ನೆಲ ಬಿಟ್ಟುಕೊಡುವ ಬೆಳೆಯನ್ನು ಆರಿಸಿಕೊಂಡ ರೈತನನ್ನು ದೂರುವಂತಿಲ್ಲ. ಆದರೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಸೋಯಾ ಹೊಲದಲ್ಲಿರುವುದಿಲ್ಲ, ಇದ್ದರೂ ಅದನ್ನು ಭಜ್ಜಿಗೆ ಹಾಕುವವರಿಲ್ಲ. ತೊಗರಿ, ಕಡಲೆ ಉಳಿದಿವೆ. ಅಕ್ಕಡಿ ಸಾಲುಗಳ ಅವರೆ, ಎಳ್ಳು, ಸಜ್ಜೆ ವಿರಳವಾಗಿವೆ. 2023 ವಿಶ್ವಸಂಸ್ಥೆ ಸಾರಿದ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ನಗರದ ಅಂಗಡಿಗಳಲ್ಲಿ ಸಜ್ಜೆ ಬಿಸ್ಕತ್ತುಗಳು ಸಾಲುಗಟ್ಟಿದರೂ ಹಬ್ಬಕ್ಕೆ ಸಜ್ಜೆಯನ್ನು ಸಂತೆಯಿಂದ ಕೊಂಡು ತರುವ ಹಳ್ಳಿಮನೆಗಳಿವೆ.

ನಗರದಲ್ಲಿ ಹಸಿಕಾಳು ಎಲ್ಲವೂ ಸಿಗದಿದ್ದರೆ ಸಿಕ್ಕ ಎರಡು-ಮೂರರಿಂದಲೇ ಭಜ್ಜಿ ಮಾಡಬಹುದು. ಒಣ ತೊಗರಿ, ಕಡಲೆಯನ್ನು ರಾತ್ರಿಯಿಡೀ ನೆನೆಸಿ ಹಾಕಿದರೆ ಕಾಳಿನ ಸಿಹಿ ಬಾರದಿದ್ದರೂ ಹದ ಬರುತ್ತದೆ. ಭಜ್ಜಿಯನ್ನು ತುಸು ಹೆಚ್ಚಾಗಿಯೇ ಮಾಡುವುದು ವಾಡಿಕೆ. ಮರುದಿನ ಬೆಳಿಗ್ಗೆ ಬಿಸಿಮಾಡಿ ಕಟಕ ರೊಟ್ಟಿಯನ್ನು ಮುರಿದು ನೆನೆಸಿಕೊಂಡು ತಿನ್ನುತ್ತಾರೆ.