ವೇರಿಯಬಲ್ ಒಳಗೆ ಏನಿದೆ? ಎರಡು ‘ಕಾಸರಗೋಡು’ಗಳ ಕಥೆ

ಗಡಿನಾಡಿನ ದಾಖಲೆಗಳ ಬಗ್ಗೆ ಹಿರಿಯರು ಮಾತಾಡಿದರು. ನಾನು ಹೇಳೋದು ಸಣ್ಣ ತಾಂತ್ರಿಕ ಸಂಗತಿ. ಕಾಸರಗೋಡಿನ ಹಳೆಯ ಕನ್ನಡ ಪುಸ್ತಕಗಳ ಪಟ್ಟಿಗೆ ಪಿಎಚ್‌ಪಿಯಲ್ಲಿ ಹುಡುಕುವ ಪುಟವೊಂದನ್ನು ಮಾಡಿದ್ದೆ. ‘ಕಾಸರಗೋಡು’ ಎಂದು ಕೊಟ್ಟರೆ, ಕಪಾಟಿನಲ್ಲಿ ಕಣ್ಣೆದುರೇ ಇರುವ ಪುಸ್ತಕವೂ ‘ಇಲ್ಲ’ ಅಂತ ಬರುತ್ತಿತ್ತು. ಪಟ್ಟಿಯಲ್ಲಿ ಸಿಗದ ಕನ್ನಡ ಪುಸ್ತಕ ನಮ್ಮ ಕಡೆ ಇಲ್ಲವೆಂದೇ ಲೆಕ್ಕ, ಮಾರಾಯ್ರೇ.

ಎರಡೂ ವೇರಿಯಬಲ್‌ಗಳನ್ನು ಎಕೋ ಮಾಡಿದೆ: ನೋಡಲು ಒಂದೇ. ಪ್ರಿಂಟ್_ಆರ್ ಕೂಡ ಅಷ್ಟೇ ಹೇಳಿತು. ವಾರ್_ಡಂಪ್ ಹಾಕಿದಾಗ ಗುಟ್ಟು ಹೊರಬಿತ್ತು. ಒಂದರ ಉದ್ದ 24, ಇನ್ನೊಂದರದ್ದು 30. ಇದು ಅಕ್ಷರಗಳ ಲೆಕ್ಕ ಅಲ್ಲ, ಬೈಟುಗಳದ್ದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಅಂದರೆ ಎಲ್ಲೋ 2 ಸಂಕೇತ ಹೆಚ್ಚಿಗೆ ಕೂತಿವೆ. ಬಿನ್2ಹೆಕ್ಸ್‌ನಲ್ಲಿ ಬಿಡಿಸಿ ನೋಡಿದರೆ ಸಿಕ್ಕಿದ್ದು ‘ಗೋ’ದಲ್ಲಿ: ಒಂದು ಕಡೆ ಓಕಾರಕ್ಕೆ ಒಂದೇ ಸಂಕೇತ, ಇನ್ನೊಂದು ಕಡೆ ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರು ತುಂಡು. ಯುನಿಕೋಡ್ ಪ್ರಕಾರ ಎರಡೂ ಸಮಾನವೇ. ಆದರೆ ಪಿಎಚ್‌ಪಿ ಹೋಲಿಸುವುದು ಬೈಟುಗಳನ್ನು. ಪುಸ್ತಕದ ಹೆಸರು, ಹುಡುಕುವ ಪದ ಎರಡನ್ನೂ ನಾರ್ಮಲೈಜರ್‌ನಿಂದ ಒಂದೇ ರೂಪಕ್ಕೆ ತಂದೆ. ಪುಸ್ತಕಗಳು ಬಂದವು.

ಇನ್ನೊಂದು ಮಾತು. ನಲ್, ಫಾಲ್ಸ್, ಖಾಲಿ ಪದ ಮೂರಕ್ಕೂ ಪ್ರಿಂಟ್_ಆರ್ ಏನೂ ತೋರಿಸೋದಿಲ್ಲ. ವಾರ್_ಡಂಪ್ ಮೂರನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಆದರೆ ಜನ ಬಳಸುತ್ತಿರುವ ಪುಟದಲ್ಲಿ ಅದನ್ನು ಬಿಡಬೇಡಿ. ಅಲ್ಲಿ ವಾರ್_ಎಕ್ಸ್‌ಪೋರ್ಟ್‌ನ ಫಲಿತಾಂಶವನ್ನು ಎರರ್_ಲಾಗ್‌ಗೆ ಕಳಿಸಿ. ಅದು ಉದ್ದ ಹೇಳೋದಿಲ್ಲ, ಹಾಗಾಗಿ ಎಸ್‌ಟಿಆರ್‌ಲೆನ್ ಕೊಡುವ ಅಂಕಿಯನ್ನೂ ಜತೆಗೆ ಬರೆಸಿ.