ಭಾನುವಾರ ಆಡದವರ ಬೇಸ್‌ಬಾಲ್

ರೇಡಿಯೋದ ಮುಂದೆ ಕುಳಿತು ಕ್ರಿಕೆಟ್ಟಿನ ವೀಕ್ಷಕ ವಿವರಣೆಯನ್ನು ಕೇಳಿ ಬಲ್ಲ ವಾಚಕರಿಗೆ ಬೇಸ್‌ಬಾಲ್ ಎಂಬ ಹೆಸರು ಹೊಸದಲ್ಲ. ಅದು ಅಮೆರಿಕದವರ ಆಟ, ಅಲ್ಲಿನ ನುರಿತ ಆಟಗಾರರಿಗೆ ಕೋಟಿಗಟ್ಟಲೆ ಸಂಬಳ ಎಂಬಷ್ಟನ್ನು ಎಲ್ಲರೂ ಬಲ್ಲರು. ನಾನಿಲ್ಲಿ ಹೇಳಹೊರಟದ್ದು ಆ ಸಂಬಳದ ಆಟವನ್ನಲ್ಲ. ಅಮೆರಿಕದ ಊರೂರುಗಳಲ್ಲಿ, ಒಂದೊಂದು ಕ್ರೈಸ್ತ ಪಂಥದ ಆಶ್ರಯದಲ್ಲಿ ಬೆಳೆದ ಸಣ್ಣ ಕಾಲೇಜುಗಳು ನೂರಾರಿವೆ. ಒಂದೊಂದರಲ್ಲಿ ಸಾವಿರವೋ ಎರಡು ಸಾವಿರವೋ ವಿದ್ಯಾರ್ಥಿಗಳು. ಮೇ ತಿಂಗಳಿನಲ್ಲಿ ಈ ಕಾಲೇಜುಗಳು ತಮ್ಮ ತಮ್ಮ ಸೀಮೆಯಲ್ಲಿ ಒಂದೆಡೆ ಸೇರಿ, ಮೂರು ನಾಲ್ಕು ದಿನ ಬೇಸ್‌ಬಾಲ್ ಆಡಿ, ಸೀಮೆಗೆಲ್ಲ ಹಿರಿಯರು ಯಾರೆಂಬುದನ್ನು ತೀರ್ಮಾನಿಸಿಕೊಳ್ಳುತ್ತವೆ. ಈ ಪ್ರಾಂತೀಯ ಕೂಟದ ಸುದ್ದಿ ದೊಡ್ಡ ಪತ್ರಿಕೆಗಳಲ್ಲಿ ಬರುವುದಿಲ್ಲ. ಆದರೂ ಆಟವೆಂಬುದು ಯಾವುದಕ್ಕಾಗಿ ಎಂಬ ಪ್ರಶ್ನೆ ಅಲ್ಲಿ ಎದ್ದಷ್ಟು ನೇರವಾಗಿ ದೊಡ್ಡ ಅಂಗಣಗಳಲ್ಲಿ ಏಳುವುದು ಅಪರೂಪ.

ಮೊದಲು ಆಟದ ಕ್ರಮವನ್ನು ಎರಡು ಮಾತಿನಲ್ಲಿ ತಿಳಿದುಕೊಳ್ಳೋಣ. ಕಡೆಗೆ ಒಂಬತ್ತು ಜನ. ಚೌಕವೊಂದನ್ನು ಮೂಲೆಯ ಮೇಲೆ ನಿಲ್ಲಿಸಿದಂತೆ ನೆಲದ ಮೇಲೆ ನಾಲ್ಕು ನೆಲೆಗಳು. ಒಂದರಿಂದ ಇನ್ನೊಂದಕ್ಕೆ 90 ಅಡಿ. ನಡುವೆ ನಿಂತ ಪಿಚರ್ ಅರುವತ್ತು ಅಡಿ ಆರು ಅಂಗುಲ ದೂರದಿಂದ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ದಾಂಡಿಗ ಹೊಡೆದರೆ ಓಡಲೇಬೇಕು. ನಮ್ಮಂತೆ ಹೊಡೆದು ಸುಮ್ಮನೆ ನಿಲ್ಲುವ ಹಾಗಿಲ್ಲ. ನಾಲ್ಕು ನೆಲೆಗಳನ್ನೂ ಸುತ್ತಿ ಬಂದರೆ ಒಂದು ರನ್ನು. ಮೂವರು ಔಟಾದರೆ ಆ ಕಡೆಯ ಸರದಿ ಮುಗಿಯಿತು. ಇಂಥ ಒಂಬತ್ತು ಸರದಿಗಳು. ಸಮವಾದರೆ ಮತ್ತೂ ಆಡುವುದು. ಹೀಗಾಗಿ ಇಡೀ ಆಟ ಒಬ್ಬನ ಭುಜದ ಮೇಲೆ ನಿಂತಿದೆ. ಕ್ರಿಕೆಟ್ಟಿನಲ್ಲಿ ಬೌಲರುಗಳು ಓವರಿಗೊಬ್ಬರಂತೆ ಬದಲಾಗುತ್ತಾರೆ. ಇಲ್ಲಿ ಒಬ್ಬನೇ ಪಿಚರ್ ಒಂದು ಪಂದ್ಯದಲ್ಲಿ ತೊಂಬತ್ತು, ನೂರು ಬಾರಿ ತೋಳಿನ ಸರ್ವಬಲವನ್ನೂ ಹಾಕಿ ಎಸೆಯಬೇಕಾಗುತ್ತದೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಲೇಜು ಬೇಸ್‌ಬಾಲಿನ ಹುಟ್ಟೇ ಇಂಥ ಧಾರ್ಮಿಕ ವಿದ್ಯಾಸಂಸ್ಥೆಗಳಲ್ಲಿ ಆಯಿತು. 1859ನೆಯ ಜುಲೈ 1ರಂದು ಮ್ಯಾಸಚೂಸೆಟ್ಸ್ ಪ್ರಾಂತದ ಪಿಟ್ಸ್‌ಫೀಲ್ಡ್ ಎಂಬ ಊರಿನಲ್ಲಿ ಆಮ್‌ಹರ್ಸ್ಟ್ ಕಾಲೇಜೂ ವಿಲಿಯಮ್ಸ್ ಕಾಲೇಜೂ ಎದುರುಬದುರಾದುವು. ಎರಡು ಕಾಲೇಜುಗಳ ನಡುವಣ ಮೊತ್ತಮೊದಲ ಪಂದ್ಯವೆಂದು ಇತಿಹಾಸಕಾರರು ಎಣಿಸುವುದು ಇದನ್ನೇ. ಆಮ್‌ಹರ್ಸ್ಟ್ 1821ರಲ್ಲಿ ಸ್ಥಾಪನೆಯಾದದ್ದು, ಬಡವರಾದರೂ ಭಕ್ತರೂ ಪ್ರತಿಭಾವಂತರೂ ಆದ ತರುಣರನ್ನು ಪಾದ್ರಿಗಳಾಗಿ ತಯಾರು ಮಾಡಲೆಂದು. ಅಂದಿನ ಆಟದಲ್ಲಿ ಕಡೆಗೆ ಹದಿಮೂರು ಜನ. ಓಡುವವನಿಗೆ ಚೆಂಡನ್ನು ಎಸೆದು ತಗುಲಿಸಿದರೂ ಅವನು ಔಟ್. ಲಗೋರಿಯಲ್ಲಿ ಬೆನ್ನಿಗೆ ಚೆಂಡಿನ ಪೆಟ್ಟು ತಿಂದವರಿಗೆ ಇದು ಚೆನ್ನಾಗಿ ಅರ್ಥವಾದೀತು. ಆಮ್‌ಹರ್ಸ್ಟ್ 73, ವಿಲಿಯಮ್ಸ್ 32. ಅಷ್ಟಕ್ಕೇ ತೃಪ್ತರಾಗದೆ ಆ ಕಾಲೇಜುಗಳು ಅದೇ ಸಂದರ್ಭದಲ್ಲಿ ಚದುರಂಗದ ಪಂದ್ಯವನ್ನೂ ಇಟ್ಟುಕೊಂಡಿದ್ದುವು. ಅದರಲ್ಲಿಯೂ ಆಮ್‌ಹರ್ಸ್ಟಿನವರೇ ಗೆದ್ದರಂತೆ. ಮೈಗೂ ಬುದ್ಧಿಗೂ ಒಂದೇ ಏಟಿಗೆ ಪರೀಕ್ಷೆ! ಈ ಪದ್ಧತಿ ಮುಂದುವರಿಯದೆ ಹೋದದ್ದು ನಮ್ಮಂಥ ಉಪಾಧ್ಯಾಯರಿಗೆ ವ್ಯಸನಕರ.

ಇಂಥ ಕಾಲೇಜುಗಳು ನಮಗೆ ತೀರ ದೂರದವು ಎಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳ ಮುಂದೆ ಹಾದುಹೋದವರು ಅನೇಕರು. ಆ ಹೆಸರು ಒಹಾಯೊ ಪ್ರಾಂತದ ಬೆರೀಯ ಎಂಬ ಊರಿನ ಜಾನ್ ಬಾಲ್ಡ್‌ವಿನ್ ಎಂಬ ದಾನಿಯದು. ಸಾಣೆಕಲ್ಲಿನ ಗಣಿಯಿಂದ ಹಣ ಗಳಿಸಿದ ಆತ ತನ್ನ ಊರಿನಲ್ಲಿ ಕಟ್ಟಿದ ವಿದ್ಯಾಲಯವೇ ಇಂದಿನ ಬಾಲ್ಡ್‌ವಿನ್ ವಾಲೇಸ್. ಅಲ್ಲಿನ ಹುಡುಗರು ಇಂದಿಗೂ ಬೇಸ್‌ಬಾಲ್ ಆಡುತ್ತಾರೆ. ಹಾಗೆಯೇ 1870ರ ದಶಕದಲ್ಲಿ ಭಾರತವನ್ನು ಸುತ್ತಿ, ಬೆಂಗಳೂರಿನಲ್ಲಿಯೂ ಮೆಥಡಿಸ್ಟ್ ಸಭೆಗೆ ತಳಹದಿ ಹಾಕಿದ ವಿಲಿಯಂ ಟೇಲರ್ ಎಂಬ ಪಾದ್ರಿಯ ಹೆಸರನ್ನು ಇಂಡಿಯಾನ ಪ್ರಾಂತದ ಟೇಲರ್ ವಿಶ್ವವಿದ್ಯಾಲಯ ಹೊತ್ತಿದೆ. ಹೆಸರು ವಿಶ್ವವಿದ್ಯಾಲಯವಾದರೂ ಗಾತ್ರದಲ್ಲಿ ಅದೂ ಸಣ್ಣ ಕಾಲೇಜೇ. ಅದೇ ಸೀಮೆಯಲ್ಲಿ ಗ್ರೇಸ್, ಬೆಥೆಲ್, ಹಂಟಿಂಗ್ಟನ್, ನೆರೆಯ ಮಿಷಿಗನ್ನಿನ ಸ್ಪ್ರಿಂಗ್ ಆರ್ಬರ್ ಮೊದಲಾದುವಿವೆ. ಗ್ರೇಸ್ ಕಾಲೇಜು ಇರುವ ವಿನೋನ ಲೇಕ್ ಎಂಬ ಊರಿನಲ್ಲಿಯೇ ಬಿಲ್ಲಿ ಸಂಡೇ ಮನೆ ಮಾಡಿಕೊಂಡಿದ್ದನು. ಆತ 1883ರಲ್ಲಿ ಷಿಕಾಗೊ ತಂಡ ಸೇರಿ ಹೆಸರಾಂತ ಓಟಗಾರನಾಗಿದ್ದು, 1891ರಲ್ಲಿ ಸಂಬಳದ ಆಟ ಬಿಟ್ಟು ಮತಪ್ರಚಾರಕ್ಕೆ ಇಳಿದವನು. ಅವನ ಮನೆತನದ ಹೆಸರಿಗೆ ಇಂಗ್ಲಿಷಿನಲ್ಲಿ ಭಾನುವಾರವೆಂದೇ ಅರ್ಥ.

ದೊಡ್ಡ ವಿಶ್ವವಿದ್ಯಾಲಯಗಳು ಆಟಗಾರರಿಗೆ ಧಾರಾಳವಾಗಿ ವಿದ್ಯಾರ್ಥಿವೇತನ ಕೊಟ್ಟು ಸೆಳೆಯುತ್ತವೆ. ಸಣ್ಣ ಕಾಲೇಜಿಗೆ ಆ ಶಕ್ತಿಯಿಲ್ಲ. ಆನೆಯ ಎದುರು ಆಡನ್ನು ಕಟ್ಟುವುದು ನ್ಯಾಯವಲ್ಲವೆಂದು ಬೇರೆ ಬೇರೆ ಸಂಘಗಳು ಏರ್ಪಟ್ಟುವು. ಕ್ರೈಸ್ತ ಕಾಲೇಜುಗಳದೇ ಆದ ರಾಷ್ಟ್ರೀಯ ಕ್ರೀಡಾಸಂಘ 1968ರಲ್ಲಿ ಹುಟ್ಟಿತು. ದೇಶವನ್ನು ಸೀಮೆಗಳಾಗಿ ವಿಂಗಡಿಸಿ, ಸೀಮೆಯಲ್ಲಿ ಗೆದ್ದವರನ್ನು ರಾಷ್ಟ್ರಮಟ್ಟದ ಕೂಟಕ್ಕೆ ಕಳುಹಿಸುವುದು ಅದರ ಕ್ರಮ. ಅದರ ಎರಡನೆಯ ವರ್ಗದಲ್ಲಿ ಮುಖ್ಯವಾಗಿ ಬೈಬಲ್ ಕಾಲೇಜುಗಳಿದ್ದು, ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಕ್ಕೆ ಅಲ್ಲಿ ಅವಕಾಶವಿಲ್ಲ. ಎಲ್ಲ ಪಂಗಡಗಳಿಗೂ ಸೇರಿದ ಎನ್.ಸಿ.ಎ.ಎ. ಎಂಬ ದೊಡ್ಡ ಸಂಘವೂ 1973ರಲ್ಲಿ ಮೂರನೆಯ ವಿಭಾಗವೊಂದನ್ನು ಮಾಡಿ, ಅಲ್ಲಿ ಕ್ರೀಡಾವೇತನವನ್ನು ನಿಷೇಧಿಸಿತು. ಬಾಲ್ಡ್‌ವಿನ್ ವಾಲೇಸ್ ಅಲ್ಲಿಗೆ ಸೇರಿದ್ದು. ಒಟ್ಟಿನಲ್ಲಿ ಈ ಹುಡುಗರಲ್ಲಿ ಬಹುಮಂದಿ ತಮ್ಮ ಫೀಜನ್ನು ಪೂರ್ತಿಯೋ ಬಹುಪಾಲೋ ತಾವೇ ಕಟ್ಟಿ, ಪಾಠ ಕೇಳಿ, ಉಳಿದ ಹೊತ್ತಿನಲ್ಲಿ ಆಡುವವರು. ಸಂಬಳದ ಆಟಕ್ಕೆ ಹೋಗುವವನು ನೂರಕ್ಕೊಬ್ಬನೂ ಇರಲಾರ.

ಇನ್ನು ಕೂಟದ ವಿಚಾರ. ಒಮ್ಮೆ ಸೋತರೆ ಗಂಟುಮೂಟೆ ಕಟ್ಟುವ ನಿಯಮ ಬೇಸ್‌ಬಾಲಿನ ಕೂಟಗಳಲ್ಲಿ ಸಾಮಾನ್ಯವಾಗಿ ಇಲ್ಲ. ಎರಡು ಸಲ ಸೋತವನು ಮಾತ್ರ ಹೊರಗೆ. ತಂಡಗಳ ಸಂಖ್ಯೆ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ; ನಾಲ್ಕು ಎಂದಿಟ್ಟುಕೊಳ್ಳಿ. ಮೊದಲ ದಿನ ಎರಡು ಪಂದ್ಯ. ಗೆದ್ದವರಿಬ್ಬರು ಒಂದು ಕಡೆ, ಸೋತವರಿಬ್ಬರು ಇನ್ನೊಂದು ಕಡೆ ಸೆಣಸುತ್ತಾರೆ. ಸೋತವರ ಸಾಲಿನಲ್ಲಿ ಮತ್ತೆ ಸೋತವನು ಮನೆಗೆ. ಗೆದ್ದವನು ಮೇಲಿನ ಸಾಲಿನಿಂದ ಇಳಿದು ಬಂದವನನ್ನು ಎದುರಿಸಬೇಕು. ಒಂದೂ ಸೋಲದ ತಂಡಕ್ಕೆ ಮೂರು ಗೆಲುವು ಸಾಕು. ಮೊದಲ ಪಂದ್ಯದಲ್ಲಿಯೇ ಎಡವಿದ ತಂಡವೂ ಚಾಂಪಿಯನ್ ಆಗಬಹುದು. ಆದರೆ ಅದು ಒಂದರ ಹಿಂದೊಂದರಂತೆ ನಾಲ್ಕು ಗೆಲ್ಲಬೇಕು, ಕೊನೆಯ ಎರಡನ್ನು ಇನ್ನೂ ಸೋಲು ಕಾಣದ ಎದುರಾಳಿಯ ಮೇಲೆ. ಅಂದರೆ ಮೂರು ದಿನದಲ್ಲಿ ಐದು ಪಂದ್ಯ.

ಸರಿ, ಐದು ಪಂದ್ಯಕ್ಕೆ ಐವರು ಪಿಚರುಗಳು ಬೇಕಷ್ಟೆ? ಪೂರ್ಣ ಪಂದ್ಯ ಎಸೆದವನ ತೋಳಿಗೆ ನಾಲ್ಕೈದು ದಿನದ ವಿಶ್ರಾಂತಿ ಬೇಕೆಂಬುದು ಬಲ್ಲವರ ಮಾತು. ದೊಡ್ಡ ವಿಶ್ವವಿದ್ಯಾಲಯದ ಬಳಿ ಅಂಥವರ ದಂಡೇ ಇದೆ. ಸಣ್ಣ ಕಾಲೇಜಿನಲ್ಲಿ ನಂಬಬಹುದಾದವರು ಇಬ್ಬರು, ಹೆಚ್ಚೆಂದರೆ ಮೂವರು. ತರಬೇತುದಾರನ ಸಂಕಟ ಇಲ್ಲಿದೆ. ಅತ್ಯುತ್ತಮನನ್ನು ಮೊದಲ ದಿನವೇ ಇಳಿಸಿದರೆ ಅಂತಿಮ ಪಂದ್ಯಕ್ಕೆ ಅವನಿಲ್ಲ. ಅವನನ್ನು ಕಾದಿಟ್ಟರೆ ಅಂತಿಮ ಪಂದ್ಯಕ್ಕೆ ತಂಡವೇ ಇಲ್ಲದೆ ಹೋದೀತು. ಭಾರತದ ಕಥೆ ಬಲ್ಲ ನಮಗೆ ಈ ಇಕ್ಕಟ್ಟು ಗೊತ್ತು. ಇಂದ್ರನಿತ್ತ ಶಕ್ತ್ಯಾಯುಧವನ್ನು ಕರ್ಣನು ಅರ್ಜುನನಿಗೆಂದು ಕಾದಿರಿಸಿದ್ದ. ರಾತ್ರಿಯುದ್ಧದಲ್ಲಿ ಘಟೋತ್ಕಚನು ಸೇನೆಯನ್ನು ಅರೆಯತೊಡಗಿದಾಗ ಬೇರೆ ದಾರಿ ಕಾಣದೆ ಅವನ ಮೇಲೆಯೇ ಬಿಡಬೇಕಾಯಿತು. ಪ್ರಾಂತೀಯ ಕೂಟದ ಎರಡನೆಯ ದಿನ ಸಂಜೆ ಇಂಥ ಘಟೋತ್ಕಚನೊಬ್ಬನು ಯಾವುದಾದರೂ ತಂಡಕ್ಕೆ ಎದುರಾಗದೆ ಇರುವುದಿಲ್ಲ.

ಆದರೆ ಆಯುಧಕ್ಕೆ ನೋವಿಲ್ಲ, ಹುಡುಗನ ತೋಳಿಗುಂಟು. ಗುರುವಾರ ನೂರು ಚೆಂಡೆಸೆದವನು ಶನಿವಾರ ಬಂದು, 'ನಾನು ಸಿದ್ಧ ಸಾರ್, ತೋಳು ಸರಿಯಾಗಿದೆ' ಎನ್ನುತ್ತಾನೆ. ಇಪ್ಪತ್ತು ಇಪ್ಪತ್ತೊಂದು ವಯಸ್ಸಿನ ಹುಡುಗ ಹಾಗಲ್ಲದೆ ಮತ್ತೆ ಹೇಗೆ ಹೇಳಿಯಾನು? ಮೊಳಕೈಯ ಒಳಬದಿಯಲ್ಲಿ ಮೂಳೆಗಳನ್ನು ಬಿಗಿದಿರುವ ಪಟ್ಟಿಯೊಂದಿದೆ. ಅತಿ ಎಸೆತದಿಂದ ಅದು ಹರಿಯುತ್ತದೆ. 1974ರಲ್ಲಿ ಟಾಮಿ ಜಾನ್ ಎಂಬ ವೃತ್ತಿ ಆಟಗಾರನಿಗೆ ಡಾಕ್ಟರ್ ಫ್ರಾಂಕ್ ಜೋಬ್ ಬೇರೆಡೆಯ ಸ್ನಾಯುರಜ್ಜುವನ್ನು ತೆಗೆದು ಅಲ್ಲಿ ಹೆಣೆದು ಕೂಡಿಸಿದಂದಿನಿಂದ ಆ ಶಸ್ತ್ರಚಿಕಿತ್ಸೆಗೆ ಆಟಗಾರನ ಹೆಸರೇ ನಿಂತಿದೆ. ಗುಣವಾಗಲು ವರ್ಷ, ಅದಕ್ಕೂ ಮೇಲೆ. ಸಂಬಳವಿರುವವನಿಗೆ ಆ ಕಾಯುವಿಕೆಗೊಂದು ಬೆಲೆಯುಂಟು. ಮುಂದಿನ ತಿಂಗಳು ಶಾಲಾಮಾಸ್ತರನಾಗಿಯೋ ಲೆಕ್ಕಿಗನಾಗಿಯೋ ಕೆಲಸಕ್ಕೆ ಸೇರುವವನಿಗೆ ಏನುಂಟು? ಗೆಲ್ಲುವ ಪಂದ್ಯವೊಂದನ್ನು ಬಿಟ್ಟುಕೊಟ್ಟು ಹುಡುಗನ ತೋಳನ್ನು ಉಳಿಸಿದ ತರಬೇತುದಾರನಿಗೆ ಯಾವ ಕಾಲೇಜೂ ಫಲಕ ಬರೆಸುವುದಿಲ್ಲ. ಬರೆಸಬೇಕಿತ್ತೆಂದು ನನ್ನ ಅಭಿಪ್ರಾಯ.

ಇದರ ಮೇಲೆ ಭಾನುವಾರದ ಪ್ರಶ್ನೆ. ಆರು ದಿನ ದುಡಿದು ಏಳನೆಯದನ್ನು ದೇವರಿಗೆ ಬಿಡಬೇಕೆಂಬುದು ಕ್ರೈಸ್ತರ ಆಜ್ಞೆಗಳಲ್ಲೊಂದು. ಹಿಂದೆ ಇದು ಬರಿಯ ಮನೆಯ ನಿಯಮವಾಗಿರದೆ ರಾಜ್ಯದ ಕಾಯಿದೆಯೂ ಆಗಿತ್ತು. ನ್ಯೂಯಾರ್ಕಿನಲ್ಲಿ ಭಾನುವಾರ ಸಂಬಳದ ಬೇಸ್‌ಬಾಲಿಗೆ ಅನುಮತಿ ದೊರೆತದ್ದು 1919ರಲ್ಲಿ, ಪೆನ್ಸಿಲ್ವೇನಿಯದಲ್ಲಿ ಅಂಥ ಪಂದ್ಯಗಳು ಶುರುವಾದದ್ದು 1934ರಲ್ಲಿ. ಬ್ಯಾಪ್ಟಿಸ್ಟರು ಸ್ಥಾಪಿಸಿದ ಬಕ್ನೆಲ್ ಎಂಬ ಕಾಲೇಜಿನಲ್ಲಿ ಓದಿದ ಕ್ರಿಸ್ಟಿ ಮ್ಯಾಥ್ಯೂಸನ್ ಭಾನುವಾರ ಚೆಂಡೆಸೆಯುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದನು. 1905ರ ವರ್ಲ್ಡ್ ಸೀರೀಸಿನಲ್ಲಿ ಆರು ದಿನದೊಳಗೆ ಮೂರು ಪೂರ್ಣ ಪಂದ್ಯಗಳನ್ನು ಎಸೆದು, ಮೂರರಲ್ಲಿಯೂ ಎದುರಾಳಿಗೆ ಒಂದು ರನ್ನನ್ನೂ ಕೊಡದವನು ಅವನೇ. ಅಂಥ ತೋಳು ನೂರು ವರ್ಷಕ್ಕೊಂದು. ಅದನ್ನು ಮೇಲ್ಪಂಕ್ತಿಯೆಂದು ಹಿಡಿಯುವುದು ಸಲ್ಲದು.

ಈಗ ಕಾಯಿದೆಗಳಿಲ್ಲ. ಭಾನುವಾರ ಆಡುವ ಕ್ರೈಸ್ತ ಕಾಲೇಜುಗಳೂ ಇವೆ, ಒಲ್ಲೆವೆನ್ನುವವೂ ಇವೆ. ಎನ್.ಸಿ.ಎ.ಎ. ಕೂಡ, ಧರ್ಮದ ಕಾರಣದಿಂದ ಇಂಥ ದಿನ ಆಡುವುದಿಲ್ಲವೆಂದು ಮೊದಲೇ ಬರೆದು ತಿಳಿಸಿದ ಕಾಲೇಜಿಗಾಗಿ ವೇಳಾಪಟ್ಟಿಯನ್ನು ಹೊಂದಿಸಲು ನಿಯಮ ಮಾಡಿದೆ. ಆದರೆ ನಿಯಮ ಮಳೆಯನ್ನು ತಡೆಯದು. ಗುರುವಾರ, ಶುಕ್ರವಾರ, ಶನಿವಾರಕ್ಕೆ ಹೊಂದಿಸಿದ ಕೂಟದಲ್ಲಿ ಶುಕ್ರವಾರ ಇಡೀ ಮಳೆ ಹೊಯ್ದರೆ, ಎರಡು ದಿನದ ಪಂದ್ಯಗಳೆಲ್ಲ ಶನಿವಾರದ ಮೇಲೆ ಬೀಳುತ್ತವೆ. ಬೆಳಗ್ಗೆ ಶುರುವಾದ ಆಟ ದೀಪದ ಬೆಳಕಿನಲ್ಲಿ ರಾತ್ರಿಯವರೆಗೆ ಸಾಗಬೇಕು. ಇಲ್ಲವೆ ಎಲ್ಲರೂ ಸೋಮವಾರದವರೆಗೆ ಊಟ ವಸತಿಯ ಖರ್ಚು ಹೊತ್ತು ಕಾಯಬೇಕು. ಸಣ್ಣ ಕಾಲೇಜಿಗೆ ಅದೂ ಭಾರವೇ. ಮೇ ತಿಂಗಳೆಂದರೆ ಪರೀಕ್ಷೆ, ಘಟಿಕೋತ್ಸವಗಳ ತಿಂಗಳು ಬೇರೆ. ವಿನೋದವೇನೆಂದರೆ, ಸೋಮವಾರಕ್ಕೆ ಕಾದರೆ ಪಿಚರನ ತೋಳಿಗೆ ಒಂದು ದಿನದ ವಿಶ್ರಾಂತಿ ಅನಾಯಾಸವಾಗಿ ದೊರೆಯುತ್ತದೆ. ಏಳನೆಯ ದಿನದ ವಿರಾಮವನ್ನು ವಿಧಿಸಿದವರಿಗೆ ಮೊಳಕೈಯ ವಿಚಾರ ಗೊತ್ತಿರಲಿಕ್ಕಿಲ್ಲ.

ಭಾನುವಾರದ ನಿಯಮವನ್ನು ಬರಿಯ ಮಡಿಯೆಂದು ನಗುವವರಿದ್ದಾರೆ. ಅಂಥವರು ಬ್ರಾಂಚ್ ರಿಕಿಯ ಸಂಗತಿಯನ್ನು ತಿಳಿಯಬೇಕು. ಒಹಾಯೊ ವೆಸ್ಲಿಯನ್ ಎಂಬ ಮೆಥಡಿಸ್ಟ್ ಕಾಲೇಜಿನಲ್ಲಿ ಓದಿ, ಅಲ್ಲಿಯೇ ತಂಡಕ್ಕೆ ತರಬೇತು ಕೊಟ್ಟವನು ಆತ. ಮುಂದೆ ವೃತ್ತಿ ತಂಡಗಳ ಆಡಳಿತ ನಡೆಸುವಾಗಲೂ ಭಾನುವಾರ ಆಟದ ಬಯಲಿಗೆ ಹೋಗುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಮೊದಲಲ್ಲಿ ಅವನ ಕಾಲೇಜು ತಂಡ ಇಂಡಿಯಾನದ ಸೌತ್ ಬೆಂಡ್ ಎಂಬ ಊರಿಗೆ ಆಡಲು ಹೋದಾಗ, ತಂಡದಲ್ಲಿದ್ದ ಚಾರ್ಲ್ಸ್ ಥಾಮಸ್ ಎಂಬ ಕಪ್ಪು ಜನಾಂಗದ ವಿದ್ಯಾರ್ಥಿಗೆ ಹೋಟೆಲಿನವರು ಕೋಣೆ ಕೊಡಲೊಪ್ಪಲಿಲ್ಲ. ರಿಕಿ ಹಟ ಹಿಡಿದು ತನ್ನ ಕೋಣೆಯಲ್ಲಿಯೇ ಅವನಿಗೊಂದು ಮಂಚ ಹಾಕಿಸಿದನು. ಅಂದು ಆ ಹುಡುಗನು ತನ್ನ ಕೈಯ ಚರ್ಮವನ್ನೇ ಕಿತ್ತೆಸೆಯುವಂತೆ ಉಜ್ಜಿಕೊಂಡು ಅತ್ತದ್ದನ್ನು ರಿಕಿ ಬಹುಕಾಲದವರೆಗೆ ಹೇಳುತ್ತಿದ್ದನಂತೆ. 1947ನೆಯ ಏಪ್ರಿಲ್ 15ರಂದು ಜ್ಯಾಕಿ ರಾಬಿನ್‌ಸನ್ನನನ್ನು ಬ್ರೂಕ್ಲಿನ್ ತಂಡದ ಪರವಾಗಿ ಇಳಿಸಿ, ದೊಡ್ಡ ಬೇಸ್‌ಬಾಲಿನಲ್ಲಿ ಅದುವರೆಗೆ ಇದ್ದ ವರ್ಣದ ಬೇಲಿಯನ್ನು ಮುರಿದವನು ಈ ರಿಕಿಯೇ. ಸಣ್ಣ ಕಾಲೇಜಿನ ತಂಡವೊಂದರ ಪ್ರವಾಸದಲ್ಲಿ ಕಂಡದ್ದು ಎಷ್ಟು ದೂರ ಹೋಯಿತು ನೋಡಿ.

ಶನಿವಾರ ಸಂಜೆ ಅಂತಿಮ ಪಂದ್ಯ ಮುಗಿಯುತ್ತದೆ. ಅನೇಕ ಕಡೆ ಎರಡು ತಂಡದವರೂ ಬಯಲ ನಡುವೆ ಬೆರೆತು ಮೊಣಕಾಲೂರಿ ಪ್ರಾರ್ಥಿಸುವುದುಂಟು. ಗೆದ್ದವರಿಗೆ ಮುಂದೆ ರಾಷ್ಟ್ರಮಟ್ಟದ ಕೂಟ. ಕ್ರೈಸ್ತ ಕಾಲೇಜುಗಳ ಸಂಘವು ಅದನ್ನೂ ವರ್ಲ್ಡ್ ಸೀರೀಸ್ ಎಂದೇ ಕರೆಯುತ್ತದೆ. ಸೋತ ತಂಡದ ನಾಲ್ಕನೆಯ ವರ್ಷದ ಹುಡುಗರು ಅಂಗಿಯ ಮಣ್ಣನ್ನು ಕೊಡವಿ ಸಾಮಾನು ಬಸ್ಸಿಗೆ ಹಾಕುತ್ತಾರೆ. ಬಸ್ಸು ಆ ರಾತ್ರಿಯೇ ಹೊರಡಬೇಕು, ಬೆಳಗಾದರೆ ಭಾನುವಾರ.