ಮಳೆಗಾಲದ ಯಾತ್ರೆ, ದಿಗ್ವ್ರತದ ಎಲ್ಲೆ

ಆಷಾಢದ ಹುಣ್ಣಿಮೆಯ ಹೊತ್ತಿಗೆ ದಿಗಂಬರ ಮುನಿಗಳು ವಿಹಾರವನ್ನು ನಿಲ್ಲಿಸಿ, ಒಂದೇ ಊರಿನಲ್ಲಿ ನೆಲೆನಿಂತು ವರ್ಷಾಯೋಗವನ್ನು ಕೈಗೊಳ್ಳುತ್ತಾರೆ. ಮಳೆ ಬಿದ್ದ ನೆಲದಲ್ಲಿ ಹುಲ್ಲು ಮೊಳೆಯುತ್ತದೆ. ಎರೆಹುಳು, ಇರುವೆ, ಶಂಖದಹುಳು, ಕಪ್ಪೆಮರಿಗಳು ದಾರಿಯ ಮೇಲೆಲ್ಲ ಹರಿದಾಡುತ್ತವೆ. ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿಯೇ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿಯನ್ನು ಪಾಲಿಸುವವರಿಗೂ ಆ ದಿನಗಳಲ್ಲಿ ಜೀವರಹಿತವಾದ ಅಂಗೈಯಗಲ ಜಾಗ ಸಿಗುವುದು ಕಷ್ಟ. ಆದ್ದರಿಂದ ದೀಪಾವಳಿಯಂದು ಮಹಾವೀರ ಸ್ವಾಮಿಯ ನಿರ್ವಾಣೋತ್ಸವ ಕಳೆಯುವವರೆಗೆ ಅವರು ಊರಿಂದೂರಿಗೆ ನಡೆಯುವುದಿಲ್ಲ.

ಗೃಹಸ್ಥರ ಲೆಕ್ಕ ಇದಕ್ಕೆ ತೀರ ತಿರುಗುಮುರುಗು. ಮುನಿಗಳು ನಿಂತ ತಿಂಗಳುಗಳೇ ಪ್ರವಾಸೋದ್ಯಮದ ಭಾಷೆಯಲ್ಲಿ ‘ಆಫ್ ಸೀಸನ್’. ಮಲೆನಾಡಿನ ವಸತಿಗೃಹಗಳಲ್ಲಿ ಬಾಡಿಗೆ ಇಳಿಯುತ್ತದೆ, ಕ್ಷೇತ್ರಗಳಲ್ಲಿ ಜನಸಂದಣಿ ಇರುವುದಿಲ್ಲ, ಆಗಸ್ಟ್ ತಿಂಗಳ ರಜೆಗಳು ಒಂದಕ್ಕೊಂದು ಕೂಡಿಬಂದರೆ ಮೂರು ನಾಲ್ಕು ದಿನಗಳ ಬಿಡುವು ದೊರೆಯುತ್ತದೆ. ಶ್ರಾವಕರಿಗೆ ಮಳೆಗಾಲದ ಪ್ರಯಾಣವನ್ನು ಶಾಸ್ತ್ರವು ಮುನಿಗಳಿಗೆ ನಿಷೇಧಿಸಿದಂತೆ ನಿಷೇಧಿಸಿಲ್ಲ ಎಂಬುದು ನಿಜ. ಆದರೆ ಪ್ರಯಾಣದ ಬಗೆಗೆ ಶ್ರಾವಕರಿಗೆ ಯಾವ ಕಟ್ಟೂ ಇಲ್ಲವೆಂದು ತಿಳಿಯುವುದು ಸರಿಯಲ್ಲ. ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳ ಬಳಿಕ ಬರುವ ದಿಗ್ವ್ರತವು ತಿರುಗಾಟವನ್ನು ಕುರಿತದ್ದೇ ಆಗಿದೆ. ಇಂದು ಹೆಚ್ಚಿನ ಮನೆಗಳಲ್ಲಿ ಅದರ ಹೆಸರು ಮಾತ್ರ ಉಳಿದಿದೆ.

ಹತ್ತು ದಿಕ್ಕುಗಳಲ್ಲಿಯೂ ಒಂದೊಂದು ಎಲ್ಲೆಯನ್ನು ಗೊತ್ತುಮಾಡಿಕೊಂಡು, ಬದುಕಿರುವವರೆಗೆ ಅದರಾಚೆ ಹೋಗುವುದಿಲ್ಲವೆಂದು ಸಂಕಲ್ಪಿಸುವುದು ದಿಗ್ವ್ರತ. ಎಲ್ಲೆಗಳು ಎಲ್ಲರಿಗೂ ಗೊತ್ತಿರುವಂಥವಾಗಿರಬೇಕು: ಸಮುದ್ರ, ನದಿ, ಅಡವಿ, ಬೆಟ್ಟ, ನಾಡು, ಯೋಜನ ಎಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸುತ್ತಾರೆ. ಎಲ್ಲೆಯಾಚೆಗಿನ ಲೋಕದ ಮಟ್ಟಿಗೆ ಆ ಗೃಹಸ್ಥನು ಸೂಕ್ಷ್ಮ ಪಾಪದಿಂದಲೂ ದೂರನಾಗುವುದರಿಂದ ಅವನ ಅಣುವ್ರತಗಳು ಅಲ್ಲಿ ಮಹಾವ್ರತದಂತೆಯೇ ಆಗುತ್ತವೆ ಎಂಬುದು ಅವರ ಅಭಿಪ್ರಾಯ. ಮನೆ, ಮಕ್ಕಳು, ವ್ಯಾಪಾರ ಎಲ್ಲವನ್ನೂ ಇಟ್ಟುಕೊಂಡ ಸಾಮಾನ್ಯನೊಬ್ಬನು ಭೂಮಿಯ ಬಹುಭಾಗದ ಪಾಲಿಗೆ ಮುನಿಯಂತಾಗಬಹುದು ಎಂಬ ಈ ಮಾತಿನಲ್ಲಿ ಗೃಹಸ್ಥರ ಮೇಲೆ ಆಚಾರ್ಯರಿಗಿದ್ದ ವಿಶ್ವಾಸ ಕಾಣುತ್ತದೆ.

ವ್ರತವು ನಿಜವಾಗಿ ಪರೀಕ್ಷೆಗೆ ಬರುವುದು ಪ್ರಯಾಣದ ಮಾತು ಮನೆಯೊಳಗೆ ಎದ್ದಾಗ. ಹೊಸಕೋಟೆ ತಾಲ್ಲೂಕಿನ ನಂದಗುಡಿಯಲ್ಲಿ ನೆಲೆಸಿದ ಒಂದು ಜೈನ ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಎಪ್ಪತ್ತೆಂಟರ ಅಜ್ಜಿ, ಮಗ, ಸೊಸೆ, ಕಾಲೇಜು ಓದುವ ಮೊಮ್ಮಗಳು, ಹತ್ತು ವರ್ಷದ ಮೊಮ್ಮಗ. ಆಗಸ್ಟ್ ತಿಂಗಳ ರಜೆಯಲ್ಲಿ ಕಾರಿನಲ್ಲಿ ವರಂಗಕ್ಕೆ ಹೋಗಿಬರುವುದೆಂದು ಮಗ ನಿಶ್ಚಯಿಸಿದ. ಉಡುಪಿ ಜಿಲ್ಲೆಯ ಹೆಬ್ರಿ–ಕಾರ್ಕಳ ರಸ್ತೆಯಲ್ಲಿ, ಸಹ್ಯಾದ್ರಿಯ ಬುಡದಲ್ಲಿರುವ ಆ ಕ್ಷೇತ್ರದ ಕೆರೆಬಸದಿಯನ್ನು ಕಾಣಬೇಕೆಂಬುದು ಅಜ್ಜಿಯ ಬಹುಕಾಲದ ಆಸೆ. ಮನೆಯ ದೇವರ ಗೂಡಿನಲ್ಲಿ ಅದರ ಚಿತ್ರಪಟವಿತ್ತು. ಆದರೆ ಆಸೆಯಿದ್ದೂ ಅವರು ಬರುವುದಿಲ್ಲವೆಂದರು. ಮೂವತ್ತರ ಪ್ರಾಯದಲ್ಲಿ ಮುನಿಗಳೊಬ್ಬರ ಸನ್ನಿಧಿಯಲ್ಲಿ ಅವರು ಸ್ವೀಕರಿಸಿದ್ದ ದಿಗ್ವ್ರತದಲ್ಲಿ ಪೂರ್ವಕ್ಕೆ ಸಮುದ್ರ, ಉತ್ತರಕ್ಕೆ ತುಂಗಭದ್ರೆ, ದಕ್ಷಿಣಕ್ಕೆ ಕಾವೇರಿ, ಪಶ್ಚಿಮಕ್ಕೆ ಘಟ್ಟದ ನೆತ್ತಿ ಎಲ್ಲೆಯಾಗಿದ್ದವು. ವರಂಗವಿರುವುದು ಘಟ್ಟದ ಕೆಳಗೆ.

ಮಗ ಮೊದಲು ಸಹ್ಯಾದ್ರಿಯ ವ್ಯಾಖ್ಯಾನಕ್ಕೆ ತೊಡಗಿದ. ಬೆಟ್ಟವೆಂದರೆ ಅದರ ಬುಡವೂ ಸೇರಿತಲ್ಲವೇ? ಘಟ್ಟದ ನೆತ್ತಿಯೆಂದು ಹೇಳಿಕೊಂಡದ್ದು ತಮಗೆ ನೆನಪಿದೆ ಎಂದು ಅಜ್ಜಿ ಅದನ್ನು ಮುಗಿಸಿದರು. ತೀರ್ಥಯಾತ್ರೆ ಧರ್ಮಕಾರ್ಯ, ವ್ರತವಿರುವುದು ಲೋಭದ ಓಡಾಟಕ್ಕೆ ಎಂದ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ವ್ರತ ಕೊಳ್ಳುವಾಗಲೇ ಯಾತ್ರೆಯನ್ನು ಹೊರತುಪಡಿಸಿದ್ದರೆ ವಿಷಯ ಬೇರೆಯಾಗುತ್ತಿತ್ತು. ಅವರು ಹೊರತುಪಡಿಸಿರಲಿಲ್ಲ. ಕಡೆಗೆ ಮಗ ಲೆಕ್ಕದ ದಾರಿ ಹಿಡಿದ: “ಅಮ್ಮ, ಪೂರ್ವದ ಸಮುದ್ರದವರೆಗೆ ನೀನು ಒಂದು ದಿನವೂ ಹೋಗಲಿಲ್ಲ, ಇನ್ನು ಹೋಗುವುದೂ ಇಲ್ಲ. ಆ ಕಡೆ ನೂರು ಮೈಲಿ ಕಳೆದು ಈ ಕಡೆ ಹತ್ತು ಮೈಲಿ ಸೇರಿಸಿಕೊ.”

“ವ್ರತಕ್ಕೂ ಜಮಾಖರ್ಚು ಬರೀತಾರೇನಪ್ಪ?” ಎಂದರು ಅಜ್ಜಿ.

ಆ ಮಗನಿಗೆ ತಿಳಿಯದಿದ್ದರೂ, ಅವನು ಹೇಳಿದ್ದು ಹೊಸ ಉಪಾಯವಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಊರ್ಧ್ವ, ಅಧೋ, ತಿರ್ಯಕ್ ಎಂಬ ಮೂರು ವ್ಯತಿಕ್ರಮಗಳು ಮೊದಲಿನವು. ಬೆಟ್ಟ ಮೊದಲಾದವನ್ನು ಏರಿ ಎಲ್ಲೆ ಮೀರುವುದು, ಬಾವಿ ಮೊದಲಾದವಕ್ಕೆ ಇಳಿದು ಮೀರುವುದು, ಗುಹೆ ಬಿಲಗಳನ್ನು ಹೊಕ್ಕು ಮೀರುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವುಗಳಿಗೆ ಉದಾಹರಣೆ ಕೊಡುತ್ತಾರೆ. ನಾಲ್ಕನೆಯದು ಕ್ಷೇತ್ರವೃದ್ಧಿ. ಲೋಭದಿಂದ ಒಂದು ದಿಕ್ಕಿನ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು, ಒಂದು ಕಡೆ ತಗ್ಗಿಸಿ ಇನ್ನೊಂದು ಕಡೆ ಬೆಳೆಸುವುದೂ ಇದರಲ್ಲಿ ಸೇರಿದೆ. ನಂದಗುಡಿಯ ಮಗ ಕಾರಿನ ಕೀಲಿಯನ್ನು ಕೈಯಲ್ಲಿ ಹಿಡಿದು ಹುಡುಕಿದ ಯುಕ್ತಿಯನ್ನು ಪ್ರಾಚೀನರು ಆಗಲೇ ಕಂಡು, ಹೆಸರಿಟ್ಟು, ದೋಷಗಳ ಪಟ್ಟಿಗೆ ಸೇರಿಸಿದ್ದರು.

ಐದನೆಯದಾದ ಸ್ಮೃತ್ಯಂತರಾಧಾನವೆಂದರೆ ತಾನು ಗೊತ್ತುಮಾಡಿದ ಎಲ್ಲೆಯನ್ನೇ ಮರೆಯುವುದು. ನಮ್ಮ ಕಾಲಕ್ಕೆ ಅತ್ಯಂತ ಸಮೀಪದ ದೋಷ ಇದೇ ಎನ್ನಬೇಕು. ನಡೆದು ಹೋಗುತ್ತಿದ್ದವನಿಗೆ, ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದವನಿಗೆ ಹೊಳೆ ಬಂದದ್ದು ತಿಳಿಯುತ್ತಿತ್ತು. ಇಳಿಯಬೇಕಿತ್ತು, ಕಾಯಬೇಕಿತ್ತು, ಅಂಬಿಗನನ್ನು ಕರೆಯಬೇಕಿತ್ತು. ಈಗ ಸೇತುವೆಯ ಮೇಲೆ ಅರ್ಧ ನಿಮಿಷದಲ್ಲಿ ತುಂಗೆ ಹಿಂದಾಗುತ್ತಾಳೆ. ಫೋನಿನ ನಕ್ಷೆ ಉಳಿದ ಕಿಲೋಮೀಟರುಗಳನ್ನು ಹೇಳುತ್ತದೆಯೇ ಹೊರತು ದಾಟಿದ ನದಿಯ ಹೆಸರನ್ನು ಹೇಳುವುದಿಲ್ಲ. ಗಡಿಗಳನ್ನೇ ಅರಿಯದ ಪ್ರಯಾಣಿಕನು ಯಾವ ಗಡಿಯೊಳಗೆ ನಿಂತಾನು?

ಅಜ್ಜಿಯೇ ಒಂದು ದಾರಿ ತೋರಿಸಿದರು. ಕುಂದಾದ್ರಿಯು ಘಟ್ಟದ ಮೇಲೆಯೇ ಇದೆ. ಅಲ್ಲಿಗೆ ಎಲ್ಲರೂ ಹೋಗೋಣ, ಆಗುಂಬೆಯಲ್ಲಿ ತಾವು ಉಳಿಯುತ್ತೇವೆ, ಉಳಿದವರು ಕೆಳಗಿಳಿದು ವರಂಗವನ್ನು ನೋಡಿ ಬರಲಿ ಎಂದರು. ಯೋಜನೆ ಹಾಗೆಯೇ ಆಯಿತು. ಮಗನ ಮುಖ ಮಾತ್ರ ಗೆಲುವಾಗಲಿಲ್ಲ. ತಾಯಿಗಾಗಿ ಹೊರಡಿಸಿದ ಯಾತ್ರೆಯಲ್ಲಿ ತಾಯಿಯೇ ಅರ್ಧದಲ್ಲಿ ಉಳಿಯುವುದು ಅವನಿಗೆ ಸಹಜವಾಗಿಯೇ ನೋವಿನ ಸಂಗತಿ. ಮುಂದೆ ಇನ್ನೊಂದು ಅವಕಾಶ ಒದಗುವ ವಯಸ್ಸೂ ಅದಲ್ಲ.

ನಂದಗುಡಿಯಿಂದ ಬೆಂಗಳೂರು, ತುಮಕೂರು, ಅರಸೀಕೆರೆ, ಶಿವಮೊಗ್ಗ, ತೀರ್ಥಹಳ್ಳಿಗಳ ಮೂಲಕ ವರಂಗಕ್ಕೆ 450 ಕಿ.ಮೀ.ಗೂ ಮಿಕ್ಕ ದಾರಿ. ಸೂರ್ಯೋದಯದ ಬಳಿಕ ಹೊರಡುವುದು, ಸಂಜೆ ಆರರೊಳಗೆ ಎಲ್ಲಿಯಾದರೂ ತಂಗುವುದು ಎಂದು ಸೊಸೆ ಕಟ್ಟು ಹಾಕಿದಳು. ರಾತ್ರಿಭೋಜನ ತ್ಯಾಗವಿರುವ ಮನೆಗೆ ಇದು ಊಟದ ಅನುಕೂಲ. ಆದರೆ ಮಳೆಗಾಲದ ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಕತ್ತಲಾದ ಮೇಲೆ ಒದ್ದೆ ರಸ್ತೆಗೆ ಕಪ್ಪೆಗಳು ಬರುತ್ತವೆ, ಅವುಗಳ ಬೆನ್ನಿಗೆ ಹಾವುಗಳು ಬರುತ್ತವೆ. ಬೆಳಗಿನ ಹೊತ್ತಿಗೆ ಚಕ್ರದಡಿ ಸಿಕ್ಕವು ರಸ್ತೆಗೆ ಅಂಟಿರುತ್ತವೆ. ಕಾರು ಓಡಿಸುವವನಿಗೆ ಈರ್ಯಾಸಮಿತಿಯ ನಾಲ್ಕು ಮೊಳದ ಅಳತೆ ಸಾಲದು. ರಾತ್ರಿ ಹೊರಡದಿರುವುದು, ಹಗಲಿನಲ್ಲಿ ವೇಗ ತಗ್ಗಿಸುವುದು, ಇವೆರಡನ್ನು ಅವನು ಮಾಡಬಲ್ಲ. ಅದನ್ನೂ ಮಾಡದೆ ಗಾಜಿನ ಮೇಲೆ ಮಹಾವೀರ ಸ್ವಾಮಿಯ ಚಿತ್ರ ಅಂಟಿಸಿಕೊಂಡು ಧಾವಿಸುವ ವಾಹನಗಳಿಗೇನೂ ಕೊರತೆಯಿಲ್ಲ.

ಹೊಸಕೋಟೆ ಸೀಮೆಯಲ್ಲಿ ವರ್ಷಕ್ಕೆ 800 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾದರೆ ಆಗುಂಬೆಯಲ್ಲಿ 7000 ಮಿಲಿಮೀಟರಿಗೂ ಹೆಚ್ಚು. ಏರಿಯೊಳಗೆ ಜಾಲಿಗಿಡ ಬೆಳೆದ ಕೆರೆಗಳನ್ನು ಕಂಡು ಬೆಳೆದ ಮೊಮ್ಮಗನಿಗೆ ಕುಂದಾದ್ರಿ ಬೆರಗು ಹುಟ್ಟಿಸಿತು. ಬೃಹತ್ತಾದ ಏಕಶಿಲೆಯ ನೆತ್ತಿ, ಮೋಡದೊಳಗೆ ಮರೆಯಾಗಿ ಮತ್ತೆ ಕಾಣುವ ಪಾರ್ಶ್ವನಾಥ ಬಸದಿ, ಅದರ ಪಕ್ಕದಲ್ಲಿಯೇ ಬಂಡೆಯ ನಡುವೆ ತುಂಬಿ ನಿಂತ ಕೊಳ. ಸಮಯಸಾರ, ಪ್ರವಚನಸಾರಗಳನ್ನು ಬರೆದ ಕುಂದಕುಂದಾಚಾರ್ಯರು ತಪಸ್ಸು ಮಾಡಿದ ಸ್ಥಳವಿದೆಂದು ಪರಂಪರೆ ನಂಬುತ್ತದೆ. ಹುಡುಗ ಕೊಳಕ್ಕೆ ಕಲ್ಲೆಸೆಯಲು ಕೈ ಎತ್ತಿದಾಗ ಅಜ್ಜಿ ತಡೆದು, ನೀರೂ ಒಂದು ಮೈ ಎಂದು ಹೇಳಿದರು. ಜಲವನ್ನೇ ದೇಹವಾಗುಳ್ಳ ಏಕೇಂದ್ರಿಯ ಜೀವಗಳ ಪಾಠಕ್ಕೆ ಇಷ್ಟು ಸಾಕು. ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಕಲಕುವುದು, ಬೆಂಕಿ ಹೊತ್ತಿಸುವುದು, ಗಿಡ ಮುರಿಯುವುದು, ಸುಮ್ಮನೆ ಅಲೆಯುವುದು ಮತ್ತು ಇತರರನ್ನು ಅಲೆಸುವುದು, ಇವೆಲ್ಲವನ್ನೂ ಸಮಂತಭದ್ರರು ಪ್ರಮಾದಚರ್ಯೆಯೆಂದು ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಪ್ರವಾಸದ ಹೆಸರಿನಲ್ಲಿ ನಡೆಯುವುದರಲ್ಲಿ ಎಷ್ಟು ಭಾಗ ಈ ಸಾಲಿನೊಳಗೆ ಬರುತ್ತದೆಂದು ಹೊರಡುವವರೇ ಎಣಿಸಿಕೊಳ್ಳಬೇಕು.

ಮರುದಿನ ಆಗುಂಬೆಯಲ್ಲಿ ಅಜ್ಜಿ, ಮೊಮ್ಮಗಳು ಉಳಿದರು. ಅಂದಿನ ಮಟ್ಟಿಗೆ ಅಜ್ಜಿ ದೇಶವ್ರತವನ್ನೂ ಕೈಗೊಂಡರು: ಸೂರ್ಯಾಸ್ತದವರೆಗೆ ತಂಗಿದ ಮನೆಯ ಅಂಗಳ ದಾಟುವುದಿಲ್ಲ. ಜೀವನಪರ್ಯಂತದ ದೊಡ್ಡ ಎಲ್ಲೆಯೊಳಗೆ ಒಂದು ದಿನ, ಒಂದು ಪಕ್ಷ, ಒಂದು ಚಾತುರ್ಮಾಸದ ಅವಧಿಗೆ ಮನೆ, ಊರು, ಹೊಲಗಳ ಚಿಕ್ಕ ಎಲ್ಲೆ ಹಾಕಿಕೊಳ್ಳುವ ಈ ವ್ರತಕ್ಕೂ ಐದು ಅತಿಚಾರಗಳಿವೆ. ಹೊರಗಿನಿಂದ ವಸ್ತು ತರಿಸುವುದು, ಆಳನ್ನು ಕಳಿಸಿ ಕೆಲಸ ಮಾಡಿಸುವುದು, ಧ್ವನಿಯಿಂದ ಹೊರಗಿನವರಿಗೆ ಸನ್ನೆ ಕೊಡುವುದು, ತನ್ನ ರೂಪ ತೋರಿಸಿ ಕೆಲಸ ಸಾಧಿಸುವುದು, ಕಲ್ಲು ಹೆಂಟೆ ಎಸೆದು ಗಮನ ಸೆಳೆಯುವುದು. ಕಾಲನ್ನು ಕಟ್ಟಿದ ಮನಸ್ಸು ಬೇರೆ ಯಾವ ಕಿಂಡಿಗಳಿಂದ ನುಸುಳುತ್ತದೆಂದು ಬಲ್ಲವರು ಮಾಡಿದ ಪಟ್ಟಿ ಇದು. ಇಂದು ಈ ಕಿಂಡಿಗಳಲ್ಲಿ ಹೆಚ್ಚಿನವು ಒಂದೇ ಫೋನಿನೊಳಗೆ ಅಡಕವಾಗಿವೆ.

ಉಳಿದ ಮೂವರು ಹದಿನಾಲ್ಕು ಹೇರ್‌ಪಿನ್ ತಿರುವುಗಳ ಘಾಟಿಯನ್ನಿಳಿದು, ಸೋಮೇಶ್ವರ ವನ್ಯಜೀವಿ ಧಾಮದ ಕಾಡನ್ನು ಹಾದು ವರಂಗವನ್ನು ತಲುಪಿದರು. ಹಸಿರು ಗುಡ್ಡಗಳ ಹಿನ್ನೆಲೆಯಲ್ಲಿ ಕೆರೆ, ಕೆರೆಯ ನಡುವೆ ಬಸದಿ, ಹೋಗಲು ದೋಣಿಯೊಂದೇ ದಾರಿ. ಮಳೆ ಬಿರುಸಾದ್ದರಿಂದ ದಡದಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ತೀರ್ಥವೆಂದರೆ ದಾಟುವ ಜಾಗ, ಕಡವು. ಸಂಸಾರವನ್ನು ದಾಟುವ ಕಡವನ್ನು ಕಟ್ಟಿಕೊಟ್ಟವರು ತೀರ್ಥಂಕರರು. ಈ ಪದದ ಮೂಲಾರ್ಥ ಇಷ್ಟು ಕಣ್ಣಿಗೆ ಕಟ್ಟುವಂತೆ ಉಳಿದಿರುವ ಕ್ಷೇತ್ರಗಳು ಕರ್ನಾಟಕದಲ್ಲಿ ವಿರಳ. ಬಸದಿ ಚತುರ್ಮುಖ, ನಾಲ್ಕು ದಿಕ್ಕಿಗೂ ಜಿನಬಿಂಬಗಳು. ಜಿನನು ಕದಲದೆ ಕುಳಿತೇ ಎಲ್ಲ ದಿಕ್ಕುಗಳಿಗೂ ಕಾಣುವ ಸಮವಸರಣದ ಕಲ್ಪನೆ ಅಲ್ಲಿ ಕಲ್ಲಾಗಿದೆ.

ದೋಣಿಯಿಂದ ಸೊಸೆ ಫೋನಿನಲ್ಲಿ ಬಸದಿಯನ್ನು ತೋರಿಸಲು ಯತ್ನಿಸಿದಳು. ಜಾಲದ ಸಂಪರ್ಕ ಒಮ್ಮೆ ಬಂದು ಒಮ್ಮೆ ಹೋಗುತ್ತಿತ್ತು. ಇದು ರೂಪಾನುಪಾತವಾಗುವುದಿಲ್ಲವೇ ಎಂದು ಮೊಮ್ಮಗಳು ಆಗುಂಬೆಯಲ್ಲಿ ಅಜ್ಜಿಯನ್ನು ಕೇಳಿದಳು. ಆಗುವುದಿಲ್ಲ ಎಂದೇ ಹೇಳಬೇಕು. ತನ್ನ ರೂಪ ತೋರಿಸಿ ಎಲ್ಲೆಯಾಚೆಯ ಕೆಲಸ ಮಾಡಿಸಿಕೊಳ್ಳುವುದು ಆ ದೋಷ, ಜಿನದರ್ಶನದಲ್ಲಿ ಯಾವ ಕೆಲಸವೂ ಇಲ್ಲ. ಬರುವಾಗ ಇಂಥದ್ದನ್ನು ತನ್ನಿ ಎಂದು ಅದೇ ಕರೆಯಲ್ಲಿ ಹೇಳಿದ್ದರೆ ಅದು ಆನಯನವಾಗುತ್ತಿತ್ತು. ಅಜ್ಜಿ ಇಷ್ಟೆಲ್ಲ ವಿವರಿಸಲಿಲ್ಲ. ಪರದೆಯ ಮೇಲೆ ತುಂಡುತುಂಡಾಗಿ ಬಂದ ಚಿತ್ರಕ್ಕೆ ಕೈಮುಗಿದು, ಕಣ್ಣೊರಸಿಕೊಂಡು, ಅಂಗಳದ ಬಾವಿಯಿಂದ ಸೇದಿದ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸತೊಡಗಿದರು. ಸೋಸಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವವರೆಗೆ ಮೊಮ್ಮಗಳು ಹಗ್ಗ ಹಿಡಿದು ನಿಂತಿದ್ದಳು.

ಊರಿಗೆ ಮರಳುವ ದಾರಿಯಲ್ಲಿ ಸೊಸೆ ದಿಗ್ವ್ರತವನ್ನು ಸ್ವೀಕರಿಸುವ ವಿಧಾನವನ್ನು ಅತ್ತೆಯಲ್ಲಿ ವಿಚಾರಿಸಿದಳು. ಬಸದಿಯಲ್ಲಿ ಗುರುಗಳ ಮುಂದೆ ಹೇಳಿಕೊಳ್ಳುವ ಮೊದಲು ಎಲ್ಲೆಗಳನ್ನು ಬರೆದಿಟ್ಟು ಚೆನ್ನಾಗಿ ಯೋಚಿಸಬೇಕು, ಯಾತ್ರೆಯ ವಿಷಯವನ್ನು ಆಗಲೇ ತೀರ್ಮಾನಿಸಬೇಕು ಎಂದರು ಅತ್ತೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರವೆಂದು ಸೊಸೆ ತಡವಿಲ್ಲದೆ ಬರೆದಳು. ದಕ್ಷಿಣಕ್ಕೆ ಕನ್ಯಾಕುಮಾರಿ, ಉತ್ತರಕ್ಕೆ ಸಮ್ಮೇದ ಶಿಖರ ಕಾಣಬೇಕೆಂಬ ಆಸೆಯಿಂದ ಗಂಗಾನದಿ. ಪೂರ್ವದ ಎಲ್ಲೆಯ ಮುಂದೆ ಲೇಖನಿ ನಿಂತಿತು. ತಮ್ಮನ ಮನೆ ಸಿಂಗಪುರದಲ್ಲಿದೆ.